ಚಾಡಿಕೋರನ ಮೊದಲ ಮಾತು

ನವೆಂಬರ್ 16, ಭಾನುವಾರ

ಪೊರಕೆ ಗಾಳಿ ಹೇಳಿದ ದಿನಕ್ಕೇ ಬಂತು. ಚಳಿಗಾಲದ ಪ್ರತಿಯೊಂದು ಗಾಳಿಮಳೆಗೂ ಮೀನುಗಾರರು ಹೆಸರಿಟ್ಟಿದ್ದಾರೆ. ಬೀದಿಯನ್ನೆಲ್ಲ ಗುಡಿಸಿಕೊಂಡು ಹೋಗುತ್ತದೆಂದು ಇದಕ್ಕೆ ಪೊರಕೆ. ಟ್ರಾಮಿನಿಂದ ಇಳಿದು ಆಫೀಸಿನ ಕಟ್ಟಡ ಮುಟ್ಟುವಷ್ಟರಲ್ಲಿ ನನ್ನ ಛತ್ರಿ ಮಗುಚಿಕೊಂಡಿತ್ತು. ಬಾಗಿಲ ಕಾವಲುಗಾರ ಅತ್ರೀಸ್ ಬೆಂಚಿನ ಮೇಲೆ ಕೂತು ನಕ್ಕ. ಆತನ ಕಣ್ಣಿಗೆ ಬೀಳದ್ದು ಯಾವುದೂ ಇಲ್ಲ. ಯಾರು ತಡವಾಗಿ ಬಂದರು, ಯಾರ ಮನೆಗೆ ಯಾರು ಹೋದರು, ಯಾರ ಚೀಲ ಎಷ್ಟು ಉಬ್ಬಿದೆ ಎಲ್ಲವೂ ಸಂಜೆಯೊಳಗೆ ಕಟ್ಟಡದ ಮಾಲೀಕನ ಕಿವಿಗೆ ಹೋಗುತ್ತದೆ. ಅಮ್ಮನಿಗೆ ಇಂಥವರನ್ನು ಕಂಡರೆ ಮೈ ಉರಿಯುತ್ತದೆ. ನನಗೂ ಅಷ್ಟೆ. ಚೀಲದಲ್ಲಿ ಊಟದ ಡಬ್ಬಿ ಬಿಟ್ಟು ಬೇರೇನೂ ಇಲ್ಲದಿದ್ದರೂ ಆತನ ಮುಂದೆ ಹಾಯುವಾಗ ಅದನ್ನು ಆಚೆಯ ಹೆಗಲಿಗೆ ಬದಲಿಸುತ್ತೇನೆ.

ಮೇಲೆ ಹೋದರೆ ಎಲ್ಲರೂ ಎದ್ದು ನಿಂತಿದ್ದರು. ದಿನ ತುಂಬದೆ ಹುಟ್ಟಿದ ಮಕ್ಕಳನ್ನು ಬೆಚ್ಚಗಿಡಲೆಂದು ಆಸ್ಪತ್ರೆಯಲ್ಲಿ ಪರೀಕ್ಷೆಗೆ ಇಟ್ಟಿರುವ ನಮ್ಮ ಇನ್‌ಕ್ಯುಬೇಟರ್ ನಿನ್ನೆ ಮತ್ತೆ ಕಲ್ಲಾಯಿತಂತೆ. ಇಲ್ಲಿ ಹಾಗೇ ಅನ್ನುತ್ತಾರೆ. ಪರದೆಯ ಮೇಲಿನ ಅಂಕಿ ನಿಂತಲ್ಲೇ ನಿಲ್ಲುತ್ತದೆ, ಗುಂಡಿ ಒತ್ತಿದರೆ ಓಗೊಡುವುದಿಲ್ಲ, ಹೀಟರ್ ಮಾತ್ರ ಉರಿಯುತ್ತಲೇ ಇರುತ್ತದೆ. ಒಳಗಿದ್ದದ್ದು ಮಗುವಲ್ಲ, ಮಗುವಿನ ತೂಕದ ನೀರಿನ ಚೀಲ. ವರ್ಷದ ಕೊನೆಗೆ ನಿಜವಾದ ಮಕ್ಕಳನ್ನು ಮಲಗಿಸಬೇಕು.

ಈ ಕಂಪನಿಯನ್ನು ಕಟ್ಟಿದ ವಗೀಹ್ ಅವರನ್ನು ಎಲ್ಲರೂ ರಯ್ಯಿಸ್, ಯಜಮಾನರು, ಎಂದೇ ಕರೆಯುವುದು. ಅವರು ಯಾರನ್ನೂ ಬೈಯಲಿಲ್ಲ. ಒಬ್ಬೊಬ್ಬರ ಮುಖವನ್ನೂ ನಿಧಾನವಾಗಿ ನೋಡಿದರು. ಈ ಇನ್‌ಕ್ಯುಬೇಟರ್ ಪೆಟ್ಟಿಗೆಯ ಆಪರೇಟಿಂಗ್ ಸಿಸ್ಟಂನಲ್ಲಿ ಮೆಮೊರಿ ಹಂಚುವ ಭಾಗ ಲುತ್ಫಿಯವರದು, ಸೆನ್ಸರುಗಳ ಭಾಗ ಶಿರೀನಳದು. ಕೈಪಿಡಿ ಬರೆಯುವ ನಾನು ಫ್ರಿಜ್ಜಿನ ಪಕ್ಕದ ಮೇಜಿನಲ್ಲಿರುತ್ತೇನೆ. ರಯ್ಯಿಸ್ ನನ್ನ ಮುಖ ನೋಡಲಿಲ್ಲ. ಸೇರಿ ಎರಡು ತಿಂಗಳಾದರೂ ನಾನಿಲ್ಲಿ ಯಾರ ಕಣ್ಣಿಗೂ ಬಿದ್ದಿಲ್ಲ. ಅದು ನನಗೆ ಹಿತವಾಗಿಯೇ ಇದೆ.

ಲುತ್ಫಿಯವರು ಮಾತ್ರ ದಿನವೂ ತಮ್ಮ ಚಹಾ ಮಾಡಿಕೊಳ್ಳುವಾಗ ನನಗೂ ಒಂದು ಲೋಟ ತಂದಿಡುತ್ತಾರೆ. ನನ್ನನ್ನು ಉಸ್ತಾಜಾ ಅನ್ನುತ್ತಾರೆ, ಕಾಲೇಜಿನಲ್ಲಿ ಪಾಠ ಹೇಳುವವರನ್ನು ಕರೆದಂತೆ. ಗೇಲಿಯೇ. ಆದರೆ ಮೆತ್ತಗಿನ ಗೇಲಿ.

ನವೆಂಬರ್ 18, ಮಂಗಳವಾರ

ಕೈಪಿಡಿಯಲ್ಲಿ ಮೆಮೊರಿಯ ಅಧ್ಯಾಯಕ್ಕೆ ಬಂದು ಸಿಕ್ಕಿಕೊಂಡಿದ್ದೆ. ಕೇಳಲು ನಾಚಿಕೆ. ಲುತ್ಫಿಯವರೇ ಕುರ್ಚಿ ಎಳೆದುಕೊಂಡು ಬಂದರು.

“ಒಂದು ಮನೆ ಅನ್ಕೋ ಉಸ್ತಾಜಾ. ಮನೆಗೆ ಒಬ್ಬನೇ ಆಳು. ಒಂದು ಉಗ್ರಾಣ, ಅದಕ್ಕೆ ಒಂದೇ ಕೀ. ಕೀ ಇದ್ದೋನು ಒಳಗೆ, ಮಿಕ್ಕೋರು ಹೊರಗೆ ಕಾಯ್ಬೇಕು. ಈಗ ಆಳು ಕೀ ಜೇಬಿಗೆ ಹಾಕ್ಕೊಂಡು ಉಗ್ರಾಣದೊಳಗಿದ್ದಾನೆ. ಅಷ್ಟೊತ್ತಿಗೆ ಬಾಗಿಲ ಗಂಟೆ ಹೊಡೀತು. ಈ ಮನೆ ಕಾನೂನು ಏನಂದ್ರೆ, ಗಂಟೆ ಹೊಡೆದ್ರೆ ಕೈಲಿರೋದನ್ನ ಅಲ್ಲೇ ಬಿಟ್ಟು ಓಡ್ಬೇಕು. ಓಡ್ದ. ಬಂದಿದ್ದೋನು ಒಂದು ಹಿಡಿ ಅಕ್ಕಿ ಕೇಳ್ದ. ಆಳು ಉಗ್ರಾಣದ ಹತ್ರ ಬಂದು ನೋಡ್ತಾನೆ, ಬೀಗ. ಒಳಗೆ ಯಾರೋ ಇದ್ದಾರೆ, ಬರ್ಲಿ ಅಂತ ಕಾಯ್ತಾ ನಿಂತ್ಕೋತಾನೆ.”

ಒಳಗೆ ಯಾರಿದ್ದಾರೆ ಎಂದು ಕೇಳಿದೆ.

“ಅವನೇ. ಕೀ ಅವನ ಜೇಬಲ್ಲೇ ಇದೆ. ಗಂಟೆ ಕೆಲಸ ಮುಗಿಯೋವರೆಗೂ ಹಿಂದಿನ ಕೆಲಸ ಅವನಿಗೆ ನೆನಪಾಗಲ್ಲ. ಹಿಂದಿನ ಕೆಲಸ ಮುಗೀದೆ ಕೀ ಹೊರಗೆ ಬರಲ್ಲ. ಕಲ್ಲಾಗಿ ನಿಂತ.”

ಅದಕ್ಕೇ ಉಗ್ರಾಣಕ್ಕೆ, ಎಂದರೆ ಮೆಮೊರಿಗೆ, ಹೋಗುವ ಮೊದಲು ಗಂಟೆಯ ತಂತಿ, ಎಂದರೆ ಸೆನ್ಸರು ಕರೆಯುವ ದಾರಿ, ಬಿಚ್ಚಬೇಕಂತೆ, ಹೊರಗೆ ಬಂದು ಕೀ ಇಟ್ಟ ಮೇಲೆ ಜೋಡಿಸಬೇಕಂತೆ. ಅಲ್ಲೂ ಒಂದು ಎಚ್ಚರ ಬೇಕು. ಹೋಗುವಾಗಲೇ ತಂತಿ ಬಿಚ್ಚಿದ್ದರೆ ಬೇರೆ ಯಾರೋ ಯಾವುದೋ ಕಾರಣಕ್ಕೆ ಬಿಚ್ಚಿದ್ದಾರೆ ಎಂದರ್ಥ. ಅದನ್ನು ನಾವು ಜೋಡಿಸಕೂಡದು. ಹೇಗಿತ್ತೋ ಹಾಗೇ ಬಿಟ್ಟು ಬರಬೇಕು. ಈ ಮಾತನ್ನು ಅವರು ತಿರುಗಿ ಹೇಳಿದರು, ರಯ್ಯಿಸ್ ಕೋಣೆಯ ಕಡೆ ಒಮ್ಮೆ ನೋಡಿ.

ಯಂತ್ರದೊಳಗೆ ಕೂತು ಯಾರು ಯಾವ ಬೀಗ ಯಾವಾಗ ತೆಗೆದರು ಎಂದು ಕಾಯುವ ಒಂದು ಪ್ರೋಗ್ರಾಂ ಇದೆ. ಅನಾಹುತ ಆಗದಿದ್ದರೂ, ಆಗಬಹುದು ಅನ್ನಿಸಿದರೆ ಸಾಕು, ಪರದೆಯ ಮೇಲೆ ದೂರು ಬರೆಯುತ್ತದೆ. ಆಫೀಸಿನಲ್ಲಿ ಅದರ ಹೆಸರು ಚಾಡಿಕೋರ. ಬೆಳಗ್ಗೆ ಯಂತ್ರ ಹಾಕಿದೊಡನೆ ಚಾಡಿಕೋರ ಒಂದೇ ದೂರು ಹೇಳುತ್ತಾನೆ, ದಿನವೂ ಅದನ್ನೇ: ಉಗ್ರಾಣದೊಳಗಿನ ಚಿಕ್ಕ ಕಪಾಟಿನ ಬಗ್ಗೆ. ಅದು ರಯ್ಯಿಸ್ ಕಂಪನಿ ಶುರುಮಾಡಿದ ಕಾಲದಲ್ಲಿ ತಮ್ಮ ಕೈಯಾರೆ ಬರೆದ ಭಾಗ. ಚಾಡಿಕೋರ ಅದನ್ನು ತಪ್ಪು ತಿಳಿದಿದ್ದಾನೆ ಎಂದು ಅವರೇ ಹಿಂದೆ ಹೇಳಿದ್ದರಂತೆ. ಶಿರೀನ್ ನೋಡದೆಯೇ ಅದನ್ನು ಒರೆಸಿಬಿಡುತ್ತಾಳೆ.

“ಒಂದೇ ಒಂದು ಸಲ ಬಾಯಿ ಬಿಡ್ತಾನೆ ಪುಣ್ಯಾತ್ಮ,” ಎಂದರು ಲುತ್ಫಿ. “ಒಂದು ತಪ್ಪು ಕಂಡ್ಮೇಲೆ ಅವನಿಗೆ ತನ್ನ ಲೆಕ್ಕದ ಮೇಲೇ ನಂಬಿಕೆ ಹೋಗುತ್ತೆ. ಆಮೇಲೆ ಎಂಥದ್ದಾದರೂ ನಡೀಲಿ, ಮೌನ. ಮನುಷ್ಯರಲ್ಲಿ ಇಷ್ಟು ಮರ್ಯಾದಸ್ಥ ಚಾಡಿಕೋರ ಸಿಗಲ್ಲ.”

ಬಹಳ ದಿನಕ್ಕೆ ಜೋರಾಗಿ ನಕ್ಕೆ. ಶಿರೀನ್ ತಿರುಗಿ ನೋಡಿದಳು.

ನವೆಂಬರ್ 23, ಭಾನುವಾರ

ರಯ್ಯಿಸ್ ನನ್ನನ್ನು ಕೋಣೆಗೆ ಕರೆಸಿದರು. ಕೆಲಸ ಹೋಯಿತು ಅಂದುಕೊಂಡೇ ಹೋದೆ. ಕುಡಿಯಲು ಬಿಸಿಬಿಸಿ ಹಾಲಿನ ಸಹ್ಲಬ್ ತರಿಸಿದ್ದರು, ಮೇಲೆ ದಾಲ್ಚಿನ್ನಿ ಪುಡಿ ಉದುರಿಸಿದ್ದು. ಕೈಪಿಡಿಯ ಎರಡನೆಯ ಅಧ್ಯಾಯ ಓದಿದ್ದರಂತೆ. ಎಂಜಿನಿಯರುಗಳಿಗೆ ಬಾರದ ಭಾಷೆ ಅಂದರು. ಆಮೇಲೆ ಕಿಟಕಿಯ ಕಡೆ ನೋಡುತ್ತ, ಪೆಟ್ಟಿಗೆ ತಾನಾಗಿ ಕಲ್ಲಾಗುತ್ತಿದೆ ಎಂದು ತಮಗೆ ಅನ್ನಿಸುತ್ತಿಲ್ಲ ಎಂದರು. ಕೈರೋದ ಒಂದು ದೊಡ್ಡ ಕಂಪನಿ ಲುತ್ಫಿಯನ್ನು ಕರೆಯುತ್ತಿದೆ. ನಮ್ಮ ಪೆಟ್ಟಿಗೆ ಆಸ್ಪತ್ರೆಯಲ್ಲಿ ಸೋತರೆ ಆ ಕಂಪನಿಗೆ ಲಾಭ.

“ನಾನು ಚಾಡಿ ಹೇಳು ಅಂತಿಲ್ಲ ಮಗಳೇ. ನೀನು ಸಾಹಿತ್ಯ ಓದಿದೋಳು, ಮನುಷ್ಯರನ್ನ ಓದೋಕೆ ನಿನಗೆ ಬರುತ್ತೆ. ಮೂಲೇಲಿ ಕೂತಿರ್ತೀಯ, ಎಲ್ಲಾ ಕಾಣುತ್ತೆ. ಕಣ್ಣಿಗೆ ಬಿದ್ದಿದ್ದನ್ನ ನನಗೆ ಹೇಳು, ಅಷ್ಟೇ. ಅಲ್ಲಿ ಮಲಗೋದು ಹಸುಗೂಸುಗಳು.”

ತಲೆಯಾಡಿಸಿ ಬಂದೆ. ಲುತ್ಫಿಯವರು ಅಂಥವರಲ್ಲ ಎಂದು ಹೇಳಬೇಕೆಂದಿದ್ದೆ. ಇನ್ನೊಮ್ಮೆ ಹೇಳಿದರಾಯಿತು. ಅವರ ಬಗ್ಗೆ ಒಳ್ಳೆಯದನ್ನೇ ಹೇಳಬೇಕೆಂದರೂ ಮೊದಲು ಸರಿಯಾಗಿ ಗಮನಿಸಬೇಕಲ್ಲ.

ನವೆಂಬರ್ 26, ಬುಧವಾರ

ಮಧ್ಯಾಹ್ನ ಎಲ್ಲರೂ ಕುಶರಿ ತಿನ್ನಲು ಕೆಳಗೆ ಹೋಗಿದ್ದರು. ನಾನು ಫ್ರಿಜ್ಜಿನ ಹಿಂದೆ ನನ್ನ ಡಬ್ಬಿ ಬಿಚ್ಚಿದ್ದೆ. ನಾನಿರುವುದು ಲುತ್ಫಿಯವರಿಗೆ ಗೊತ್ತಿರಲಿಲ್ಲ ಅನ್ನಿಸುತ್ತದೆ. ಚೀಲದಿಂದ ಹೆಂಗಸರು ಕೂದಲು ಒಣಗಿಸುವ ಮಿಷನ್ ತೆಗೆದರು, ಗುಲಾಬಿ ಬಣ್ಣದ್ದು. ಆಫೀಸಿನಲ್ಲಿರುವ ಇನ್ನೊಂದು ಪೆಟ್ಟಿಗೆಯ ಮುಚ್ಚಳ ತೆಗೆದು ಅದರ ಶಾಖದ ಸೆನ್ಸರಿಗೆ ಬಿಸಿಗಾಳಿ ಹಿಡಿದರು. ತೆಗೆದರು. ಹಿಡಿದರು. ಪೆಟ್ಟಿಗೆ ಕೀಂ ಕೀಂ ಅನ್ನುತ್ತಲೇ ಇತ್ತು. ಇದ್ದಕ್ಕಿದ್ದಂತೆ ಸದ್ದು ನಿಂತಿತು. ಪರದೆಯ ಅಂಕಿ ಅಲುಗಲಿಲ್ಲ.

ಕಲ್ಲು. ಅವರ ಕೈಯಿಂದಲೇ.

“ಸಿಕ್ಕಿದೆ,” ಎಂದರು, ಖುಷಿಯಿಂದ. ಪರದೆಯ ಮೇಲಿದ್ದ ಚಿಕ್ಕ ಕಪಾಟಿನ ಹಳೆಯ ಕೋಡನ್ನು ಫೋನಿನಲ್ಲಿ ಫೋಟೊ ತೆಗೆದುಕೊಂಡರು. ಯಂತ್ರ ಆರಿಸಿ ಮತ್ತೆ ಹಾಕಿದರು. ಶಿರೀನ್ ಬಂದಾಗ ಕಡತ ಓದುವವರಂತೆ ಕೂತಿದ್ದರು. ಯಾರಿಗೂ ಏನೂ ಹೇಳಲಿಲ್ಲ.

ಸಂಜೆ ಅವರು ಚಹಾ ತಂದಿಟ್ಟರು. ಕುಡಿದೆ. ರುಚಿ ಎಂದಿನಂತೆಯೇ ಇತ್ತು.

ನವೆಂಬರ್ 27, ಗುರುವಾರ

ಕಥೆಯಲ್ಲಾದರೆ ಯಾರೂ ಸುಮ್ಮನೆ ಕೂದಲೊಣಗಿಸುವ ಮಿಷನ್ ತರುವುದಿಲ್ಲ. ಲುತ್ಫಿಯವರ ತಲೆ ಬೋಳು.

ಡಿಸೆಂಬರ್ 2, ಮಂಗಳವಾರ

ಬಾಲ್ಕನಿಯಲ್ಲಿ ಫೋನು. ಈ ಚಳಿಯಲ್ಲಿ ಹೊರಗೆ ನಿಂತು ಮಾತಾಡಬೇಕಾದದ್ದು ಏನಿರುತ್ತದೆ? ನಾನು ಒಣಗಿದ ಪುದೀನ ಗಿಡಕ್ಕೆ ನೀರು ಹಾಕುವ ನೆಪದಲ್ಲಿ ಬಾಗಿಲ ಹತ್ತಿರ ನಿಂತೆ. ಗಾಳಿಗೆ ಅರ್ಧ ಮಾತು ಹಾರಿಹೋಯಿತು. ಕೇಳಿಸಿದ್ದು ಇಷ್ಟು:

“ಮುಚ್ಚಳ ತೆಗೆದಾಗಲೇ ನಿಲ್ಲುತ್ತಾ? ... ಇನ್ನೊಂದು ಸಲ ಮಾಡಿ ನೋಡಿ ... ಇಲ್ಲ, ಇಲ್ಲ, ನಾನು ಫೋನ್ ಮಾಡಿದ್ದು ನಮ್ಮ ರಯ್ಯಿಸ್‌ಗೆ ಗೊತ್ತಾಗೋದು ಬೇಡ.”

ಒಳಗೆ ಬರುವಾಗ ನನ್ನನ್ನು ಕಂಡು, ಆ ಗಿಡ ಸತ್ತು ಒಂದು ವರ್ಷ ಆಯ್ತು ಉಸ್ತಾಜಾ, ಅಂದರು. ನಕ್ಕರು. ನನ್ನನ್ನು ಪರೀಕ್ಷಿಸುವ ನಗು ಇರಬಹುದು.

ಡಿಸೆಂಬರ್ 4, ಗುರುವಾರ

ಈ ಸಲದ ಗಾಳಿಮಳೆಯ ಹೆಸರು ಕಾಸಿಮ್. ಸಮುದ್ರ ದಂಡೆಯ ರಸ್ತೆಯ ಮೇಲೆಲ್ಲ ನೀರು, ಟ್ರಾಮ್ ತಡ. ಎಲ್ಲರಿಗಿಂತ ಮೊದಲು ತಲುಪಿದ್ದು ನಾನು, ಮತ್ತು ರಯ್ಯಿಸ್.

ಮನಸ್ಸು ಗಟ್ಟಿಮಾಡಿಕೊಂಡು ಬಾಲ್ಕನಿಯ ಮಾತು ಹೇಳಿದೆ. ಬಿಸಿಗಾಳಿಯ ವಿಷಯ ಹೇಳಿದೆ. ನನ್ನ ದನಿ ನಡುಗುತ್ತದೆ ಅಂದುಕೊಂಡಿದ್ದೆ, ನಡುಗಲಿಲ್ಲ. ಇಲ್ಲಿಗೆ ಬಂದ ಮೇಲೆ ಇಷ್ಟು ವಾಕ್ಯಗಳನ್ನು ಒಟ್ಟಿಗೆ ಯಾರ ಮುಂದೆಯೂ ಆಡಿಲ್ಲ. ರಯ್ಯಿಸ್ ನಡುವೆ ಬಾಯಿ ಹಾಕದೆ ಕೇಳಿದರು. ಇನ್ನೇನಾದರೂ ಇದೆಯಾ ಎಂದರು. ಇಲ್ಲ ಅನ್ನಲು ಬೇಸರವಾಗಿ, ಹಳೆಯ ಕೋಡಿನ ಫೋಟೊ ತೆಗೆದುಕೊಂಡರು ಎಂದೆ.

“ಯಾವ ಕೋಡು?”

ಚಿಕ್ಕ ಕಪಾಟಿನದು ಎಂದೆ.

ಅವರ ಮುಖದ ಬಣ್ಣವೇ ಇಳಿದುಹೋಯಿತು. ಬಹಳ ಹೊತ್ತು ಮೇಜಿನ ಮೇಲಿನ ಗಾಜನ್ನು ಉಜ್ಜುತ್ತ ಕೂತರು. ತಾವು ಕೈಯಾರೆ ಬರೆದದ್ದನ್ನು ನಂಬಿದವನೇ ಕದ್ದು ಮಾರುತ್ತಿದ್ದಾನೆಂದರೆ ಎಷ್ಟು ನೊಂದಿರಬೇಕು. ನನ್ನ ತಲೆಯ ಮೇಲೆ ಕೈಯಿಟ್ಟು, ಕಣ್ಣಿಟ್ಟಿರು ಮಗಳೇ, ಅಂದರು.

ಡಿಸೆಂಬರ್ 8, ಸೋಮವಾರ

ಇವತ್ತಿನದನ್ನು ಬಿಡದೆ ಬರೆಯಬೇಕು.

ಸಂಜೆ ಹೊರಡುವ ಹೊತ್ತಿಗೆ ಲುತ್ಫಿ ಆಫೀಸಿನ ಪೆಟ್ಟಿಗೆಯಿಂದ ಬೋರ್ಡು ಬಿಚ್ಚಿ, ಪತ್ರಿಕೆಯಲ್ಲಿ ಸುತ್ತಿ, ಕೋಟಿನೊಳಗೆ ಇಟ್ಟುಕೊಂಡರು. ಬೋರ್ಡು ಎಂದರೆ ಇಡೀ ಯಂತ್ರದ ತಲೆ. ನಾನು ರಯ್ಯಿಸ್‌ಗೆ ಮೆಸೇಜು ಕಳಿಸಿದೆ: ಕೋಟಿನ ಎಡಗಡೆ. ಕಳಿಸಿದ ಮೇಲೆ ಅಳಿಸೋಣ ಅಂದುಕೊಂಡೆ. ಅಷ್ಟರಲ್ಲಿ ನೋಡಿಬಿಟ್ಟಿದ್ದರು.

ಕೆಳಗೆ ಬಾಗಿಲಲ್ಲಿ ಅತ್ರೀಸ್ ಅಡ್ಡ ನಿಂತಿದ್ದ, ಪಕ್ಕದಲ್ಲಿ ರಯ್ಯಿಸ್. ಬೀದಿಯ ಜೋಳ ಸುಡುವವನೂ ಇಣುಕುತ್ತಿದ್ದ. ನಾನು ಮೆಟ್ಟಿಲ ತಿರುವಿನಲ್ಲಿ ನಿಂತೆ. ಅತ್ರೀಸ್ ಲುತ್ಫಿಯ ಕೋಟಿಗೆ ಕೈ ಹಾಕಿದ. ಇಪ್ಪತ್ತು ವರ್ಷ ಆತನಿಗೆ ದಿನವೂ ಸಲಾಂ ಹೇಳಿದ ಮನುಷ್ಯ ಲುತ್ಫಿ.

“ಮನೇಲಿ ನೋಡೋಣ ಅಂತ ತಗೊಂಡೆ ರಯ್ಯಿಸ್. ಇಲ್ಲಿ ನೋಡೋಕೆ ಆಗ್ತಿಲ್ಲ.”

“ಯಾಕಪ್ಪಾ ಆಗಲ್ಲ? ಇಲ್ಲಿ ಯಾರ ಭಯ ನಿನಗೆ?”

“ಭಯ ಅಲ್ಲ. ಪೂರ್ತಿ ಖಾತ್ರಿ ಆಗೋವರೆಗೆ ನಿಮ್ಮ ಮುಂದೆ ತರಬಾರದು ಅಂತಿದ್ದೆ. ಆ ಚಿಕ್ಕ ಕಪಾಟು ಇದೆಯಲ್ಲ—”

“ಸಾಕು,” ಎಂದರು ರಯ್ಯಿಸ್. “ನಾಳೆಯಿಂದ ಬರಬೇಡ. ನಾನು ಪೊಲೀಸ್ರನ್ನ ಕರೀತಿಲ್ಲ, ಅಷ್ಟಾದರೂ ನೆನಪಿಟ್ಕೋ.”

ಲುತ್ಫಿ ಕೋಟಿನ ಗುಂಡಿ ಹಾಕಿಕೊಂಡರು. ತಲೆ ಎತ್ತಿದಾಗ ನಾನು ಕಂಡೆ.

“ಮಳೆ ಜೋರಿದೆ ಉಸ್ತಾಜಾ. ಸ್ವಲ್ಪ ನಿಂತ್ಕೊಂಡು ಹೋಗು,” ಎಂದರು. ಬೋರ್ಡು ಅತ್ರೀಸ್‌ನ ಕೈಯಲ್ಲಿತ್ತು. ಪತ್ರಿಕೆ ಒದ್ದೆಯಾಗಿ ನೆಲದಲ್ಲಿ ಬಿದ್ದಿತ್ತು.

ಡಿಸೆಂಬರ್ 9, ಮಂಗಳವಾರ

ಲುತ್ಫಿಯವರ ಲೋಟ ಪಾತ್ರೆ ತೊಳೆಯುವ ಸಿಂಕಿನ ಪಕ್ಕ ಹಾಗೇ ಇದೆ. ನನ್ನ ಚಹಾ ನಾನೇ ಮಾಡಿಕೊಂಡೆ. ಪುಡಿ ಹೆಚ್ಚಾಯಿತು.

ಡಿಸೆಂಬರ್ 14, ಭಾನುವಾರ

ಆಸ್ಪತ್ರೆಯ ಪೆಟ್ಟಿಗೆ ಮತ್ತೆ ಕಲ್ಲಾಗಿದೆ. ಹೋಗುವ ಮೊದಲು ಲುತ್ಫಿ ಒಳಗೆ ಏನೋ ಹುದುಗಿಸಿಟ್ಟಿದ್ದಾನೆ ಎಂದು ರಯ್ಯಿಸ್ ಎಲ್ಲರ ಮುಂದೆ ಹೇಳಿದರು. ಅವರು ಹೊರಗೆ ಹೋದ ಮೇಲೆ ಶಿರೀನ್ ಅಡುಗೆಮನೆಯಲ್ಲಿ ನನ್ನನ್ನು ಹಿಡಿದಳು. ಅವಳ ಕಣ್ಣು ಕೆಂಪಾಗಿತ್ತು.

“ಏನೂ ಹುದುಗಿಸಿಲ್ಲ ಕಣೇ. ಅವರು ಹುಡುಕ್ತಾ ಇದ್ದರು. ಕೂದಲು ಒಣಗಿಸೋ ಮಿಷನ್ ನನ್ನದು, ನಾನೇ ಕೊಟ್ಟಿದ್ದು. ಸೆನ್ಸರಿಗೆ ಬಿಸಿ ತಾಗಿದಷ್ಟೂ ಗಂಟೆ ಜಾಸ್ತಿ ಹೊಡೆಯುತ್ತೆ. ಗಂಟೆ ಜಾಸ್ತಿ ಹೊಡೆದಷ್ಟೂ ಕಲ್ಲಾಗೋ ಗಳಿಗೆ ಬೇಗ ಸಿಗುತ್ತೆ. ವಾರ್ಡಿನ ನರ್ಸ್‌ಗೆ ಫೋನ್ ಮಾಡಿ ಯಾವಾಗ ನಿಲ್ಲುತ್ತೆ, ಏನು ಮಾಡ್ತಿದ್ದಾಗ ನಿಲ್ಲುತ್ತೆ ಅಂತ ಕೇಳ್ತಿದ್ದರು.”

ತಪ್ಪು ಎಲ್ಲಿದೆ ಎಂದು ಕೇಳಿದೆ. ಅವಳು ದನಿ ತಗ್ಗಿಸಿ ಹೇಳಿದ್ದು ನನಗೆ ಅರ್ಥವಾಯಿತು, ಲುತ್ಫಿ ಹೇಳಿಕೊಟ್ಟ ಮನೆಯ ಲೆಕ್ಕದಲ್ಲೇ. ಆಳು ಗಂಟೆಯ ತಂತಿ ಬಿಚ್ಚಿ ಉಗ್ರಾಣಕ್ಕೆ ಹೋಗುತ್ತಾನೆ. ಒಳಗೆ ಚಿಕ್ಕ ಕಪಾಟನ್ನು ತೆಗೆದು ಮುಚ್ಚುತ್ತಾನೆ. ಆ ಕಪಾಟಿನ ನಿಯಮ ಬರೆದವರು, ಮುಚ್ಚಿದ ಮೇಲೆ ತಂತಿ ಜೋಡಿಸು ಎಂದಷ್ಟೇ ಬರೆದಿದ್ದಾರೆ. ಮೊದಲು ಹೇಗಿತ್ತು ಎಂದು ನೋಡು ಎಂದು ಬರೆದಿಲ್ಲ. ಆಳು ಇನ್ನೂ ಉಗ್ರಾಣದೊಳಗೇ ಇದ್ದಾನೆ, ಕೀ ಜೇಬಿನಲ್ಲೇ ಇದೆ, ಆದರೆ ಗಂಟೆ ಬದುಕಿಬಿಟ್ಟಿದೆ. ಆ ಗಳಿಗೆಯಲ್ಲಿ ಹೊಡೆದರೆ ಮುಗಿಯಿತು.

“ಚಾಡಿಕೋರ ದಿನಾ ಬೆಳಗ್ಗೆ ಅದನ್ನೇ ಹೇಳ್ತಿದ್ದ,” ಎಂದಳು. “ನಾವು ದೊಡ್ಡೋರು ಬರೆದಿದ್ದು ಅಂತ ಒರೆಸ್ತಾ ಬಂದ್ವಿ.”

ಮನೆಗೆ ಬರುವ ದಾರಿಯುದ್ದಕ್ಕೂ ಒಂದೇ ಯೋಚನೆ. ಬಾಲ್ಕನಿಯ ಫೋನು ನರ್ಸಿಗೆ ಎಂದು ಶಿರೀನ್‌ಗೆ ಹೇಗೆ ಗೊತ್ತು? ಅವರಿಬ್ಬರೂ ಇನ್ನೂ ಮಾತಾಡುತ್ತಿದ್ದಾರೆ. ಮತ್ತು ಅವಳು ಇದನ್ನೆಲ್ಲ ನನಗೇ ಏಕೆ ಹೇಳಿದಳು?

ಡಿಸೆಂಬರ್ 15, ಸೋಮವಾರ

ಶಿರೀನ್ ಯಾರನ್ನೂ ಕೇಳದೆ ಚಿಕ್ಕ ಕಪಾಟಿನ ನಿಯಮ ತಿದ್ದಿದಳು. ತೀರ ಸಣ್ಣ ತಿದ್ದುಪಡಿ: ಬರುವಾಗ ಹೇಗಿತ್ತೋ ಹೋಗುವಾಗ ಹಾಗೇ. ಯಂತ್ರ ಹಾಕಿದಳು. ಪರದೆಯ ಮೇಲೆ ಚಾಡಿಕೋರನ ಸಾಲು ಬರಲಿಲ್ಲ. ಇಡೀ ದಿನ ಅವಳ ಗುಲಾಬಿ ಮಿಷನ್ ಬಿಸಿಗಾಳಿ ಊದಿತು, ಪೆಟ್ಟಿಗೆ ಕೂಗುತ್ತಲೇ ಇತ್ತು, ಕಲ್ಲಾಗಲಿಲ್ಲ. ತಲೆನೋವು ಬಂತು.

ರಯ್ಯಿಸ್ ಬಂದು ಹಿಂದೆ ನಿಂತು ತಿದ್ದುಪಡಿ ಓದಿದರು. ಅಷ್ಟು ಸಣ್ಣದನ್ನು ಓದಲು ಅಷ್ಟು ಹೊತ್ತು ಬೇಕಿರಲಿಲ್ಲ. “ಒಳ್ಳೇದು,” ಎಂದು ಹೋದರು.

ಶಿರೀನ್ ಲುತ್ಫಿಯವರ ಜೊತೆ ಮಾತಾಡುತ್ತಿರುವುದನ್ನು ಸಂಜೆ ರಯ್ಯಿಸ್‌ಗೆ ಹೇಳಿದೆ. ಕೇಳದಿದ್ದರೂ ಹೇಳಿದೆ. ತಿಳಿದಿರಲಿ ಎಂದು.

ಡಿಸೆಂಬರ್ 17, ಬುಧವಾರ

ಆಸ್ಪತ್ರೆಗೆ ಪತ್ರ ನಾನೇ ಬರೆದೆ. ರಯ್ಯಿಸ್ ಹೇಳಿದ ಸಾರಾಂಶ: ಸಂಸ್ಥೆ ಬಿಟ್ಟುಹೋದ ಒಬ್ಬ ನೌಕರನ ಮೆಮೊರಿ ಭಾಗದಲ್ಲಿ ದೋಷವಿತ್ತು, ಪತ್ತೆಯಾಗಿದೆ, ಸರಿಪಡಿಸಲಾಗಿದೆ. ಚಿಕ್ಕ ಕಪಾಟು ಯಾರದೆಂದು ನನಗೆ ಗೊತ್ತು. ಆದರೆ ಕಪಾಟು ಇರುವುದು ಉಗ್ರಾಣದೊಳಗೇ, ಉಗ್ರಾಣ ಲುತ್ಫಿಯವರದು. ಹಾಗೆ ನೋಡಿದರೆ ಸುಳ್ಳೇನಲ್ಲ. “ಬಿಟ್ಟುಹೋದ” ಎಂಬಲ್ಲಿ ಸ್ವಲ್ಪ ತಡವರಿಸಿದೆ. ಆಮೇಲೆ ವಾಕ್ಯ ಸರಾಗವಾಗಿ ಬಂತು. ಮೂರು ಸಲ ಓದಿದೆ. ಒಂದೂ ಹೆಚ್ಚಿನ ಪದವಿಲ್ಲ.

ನನ್ನ ಮೇಜು ಕಿಟಕಿಯ ಪಕ್ಕಕ್ಕೆ ಬಂತು, ಲುತ್ಫಿಯವರದ್ದಿದ್ದ ಜಾಗಕ್ಕೆ. ಇಲ್ಲಿಂದ ಬಾಲ್ಕನಿ, ಅಡುಗೆಮನೆಯ ಬಾಗಿಲು, ಶಿರೀನಳ ಪರದೆ ಎಲ್ಲವೂ ಕಾಣುತ್ತವೆ. ಫ್ರಿಜ್ಜಿನ ಪಕ್ಕ ಇಷ್ಟು ದಿನ ಹೇಗೆ ಕೂತಿದ್ದೆನೋ.

ಡಿಸೆಂಬರ್ 21, ಭಾನುವಾರ

ಮಳೆ. ಲುತ್ಫಿ ತಮ್ಮ ಸಾಮಾನು ಒಯ್ಯಲು ಬಂದಿದ್ದರು. ಅತ್ರೀಸ್ ಅವರನ್ನು ಮೇಲೆ ಬಿಡಲಿಲ್ಲ. ಸ್ವೆಟರು, ಲೋಟ, ಕೆಲವು ಪುಸ್ತಕಗಳನ್ನು ರಟ್ಟಿನ ಡಬ್ಬದಲ್ಲಿ ಹಾಕಿ ರಯ್ಯಿಸ್ ನನ್ನ ಕೈಯಲ್ಲೇ ಕೆಳಗೆ ಕಳಿಸಿದರು. ಲುತ್ಫಿ ಗಡ್ಡ ಬಿಟ್ಟಿದ್ದರು. ಕೈರೋದ ಕಂಪನಿಯ ಬಗ್ಗೆ ಕೇಳಿದೆ. ಯಾವ ಕೈರೋ ಎಂದರು. ಯಾರೂ ಕರೆದಿಲ್ಲವಂತೆ. ಆಸ್ಪತ್ರೆಯ ಪತ್ರ ಹೇಗೋ ಊರೆಲ್ಲ ಹರಡಿದೆ; ಇನ್ನು ಯಾರೂ ಕರೆಯುವುದಿಲ್ಲ ಎಂದರು. ಹಾಗೆ ಹೇಳಿ ಡಬ್ಬದಿಂದ ಲೋಟ ತೆಗೆದು, ಮಳೆಗೆ ಹಿಡಿದು ತೊಳೆದರು.

“ಪೆಟ್ಟಿಗೆ ಈಗ ನಿಲ್ಲಲ್ಲ ತಾನೇ?”

ಇಲ್ಲ ಎಂದೆ. ತುಂಬ ಸಮಾಧಾನವಾದಂತೆ ತಲೆಯಾಡಿಸಿದರು.

“ಅಷ್ಟು ಸಾಕು ಬಿಡು. ಒಂದು ಮಾತು ಕೇಳ್ತೀನಿ ಉಸ್ತಾಜಾ, ಬೇಜಾರು ಮಾಡ್ಕೋಬೇಡ. ಬೋರ್ಡು ಎಡಗಡೆ ಇದೆ ಅಂತ ಅವತ್ತು ಅತ್ರೀಸ್‌ಗೆ ಗೊತ್ತಿತ್ತು. ನೇರ ಅಲ್ಲಿಗೇ ಕೈ ಹಾಕ್ದ. ಮೇಲ್ಗಡೆಯಿಂದ ಯಾರೋ ಹೇಳಿದ್ದಾರೆ. ಅವತ್ತು ನನ್ನ ಜೊತೆ ಮೇಲಿದ್ದೋರು ನೀನು, ಶಿರೀನ್ ಇಬ್ರೇ. ನಿನ್ನ ಮೇಲೆ ನನಗೆ ಅನುಮಾನ ಇಲ್ಲ. ಅವಳಾ?”

ನಾನು ಹೌದು ಅನ್ನಲಿಲ್ಲ. ಇಲ್ಲ ಎಂದೂ ಅನ್ನಲಿಲ್ಲ. ಮೇಲೆ, ಶಿರೀನ್ ಕೂರುವ ಕಿಟಕಿಯ ಕಡೆ ನೋಡಿದೆ, ಮಳೆ ಎಷ್ಟಿದೆ ಎಂದು ನೋಡಿದ್ದು. ಅವರೂ ಅತ್ತ ನೋಡಿದರು. ಡಬ್ಬ ಎತ್ತಿಕೊಂಡು ಟ್ರಾಮಿನ ಕಡೆ ನಡೆದುಬಿಟ್ಟರು.

ಒಳಗೆ ಬರುವಾಗ ಅತ್ರೀಸ್ ಸುಟ್ಟ ಗೆಣಸು ಕೊಟ್ಟ. ಆತನ ಪಕ್ಕ ಬೆಂಚಿನ ಮೇಲೆ ಸ್ವಲ್ಪ ಹೊತ್ತು ಕೂತೆ. ಆತ ಕೆಟ್ಟವನೇನಲ್ಲ. ಕಣ್ಣು ತೆರೆದಿಟ್ಟುಕೊಂಡಿರುತ್ತಾನೆ, ಅಷ್ಟೆ.

ಡಿಸೆಂಬರ್ 24, ಬುಧವಾರ

ಲುತ್ಫಿ ಫೋನ್ ಎತ್ತುತ್ತಿಲ್ಲ, ಏನಾಯಿತೋ ಎಂದು ಶಿರೀನ್ ಬೆಳಗ್ಗೆ ನನ್ನನ್ನು ಕೇಳಿದಳು. ಮುಖ ಸಪ್ಪಗಿತ್ತು. ನನಗೇನು ಗೊತ್ತು ಎಂದೆ. ನಟಿಸುತ್ತಿದ್ದಾಳೋ ಏನೋ. ಈಚೆಗೆ ಅವಳು ನನ್ನ ಮುಂದೆ ಮಾತು ಕಡಿಮೆ ಮಾಡಿದ್ದಾಳೆ. ಪರದೆಯನ್ನು ಸ್ವಲ್ಪ ಗೋಡೆಯ ಕಡೆಗೆ ತಿರುಗಿಸಿದ್ದಾಳೆ.

ಮುಂದಿನ ವಾರ ಪೆಟ್ಟಿಗೆಯೊಳಗೆ ಮಗು ಮಲಗುತ್ತದೆ. ಎಲ್ಲ ಸರಿಯಾಗಿದೆ ಅನ್ನುತ್ತಾರೆ. ಬೆಳಗ್ಗೆ ಯಂತ್ರ ಹಾಕಿದರೆ ಚಾಡಿಕೋರ ಏನೂ ಹೇಳುವುದಿಲ್ಲ, ಪರದೆ ಖಾಲಿ. ಇಷ್ಟು ಸುಮ್ಮನಿರುವುದನ್ನು ನಂಬುವುದು ಹೇಗೆ?

ಮಧ್ಯಾಹ್ನ ಚಹಾಕ್ಕೆ ನೀರಿಟ್ಟಿದ್ದೆ. ರಯ್ಯಿಸ್ ಫೋನಿನಲ್ಲಿ ಕರೆದರು; ಎಲ್ಲ ಅಲ್ಲೇ ಬಿಟ್ಟು, ಬಾಗಿಲು ಎಳೆದುಕೊಂಡು ಓಡಿದೆ. ಶಿರೀನಳ ಬಗ್ಗೆ ಕೇಳಿದರು, ಹೇಳಿದೆ. ಮಾತು ಉದ್ದವಾಯಿತು.

ಹೊರಗೆ ಬಂದರೆ ಅಡುಗೆಮನೆಯ ಬಾಗಿಲು ಮುಚ್ಚಿತ್ತು. ಕೆಳಗಿನ ಸಂದಿಯಲ್ಲಿ ದೀಪದ ಬೆಳಕು. ಒಳಗೆ ಸಣ್ಣಗೆ ಸುಂಯ್‌ ಎಂದು ಸದ್ದು, ಯಾರೋ ಬಾಯಿಗೆ ಕೈ ಅಡ್ಡ ಹಿಡಿದು ಫೋನಿನಲ್ಲಿ ಮಾತಾಡುವ ಹಾಗೆ. ಶಿರೀನಳ ಕುರ್ಚಿ ಖಾಲಿಯಿತ್ತು. ಹೊರಬರಲಿ, ಮುಖ ನೋಡೋಣ ಎಂದು ಬಾಗಿಲ ಪಕ್ಕ ಗೋಡೆಗೆ ಒರಗಿ ನಿಂತೆ. ಬಹಳ ಹೊತ್ತು ಕಾದೆ. ಸದ್ದು ಕಡಿಮೆಯಾಗುತ್ತ ಬಂದು ನಿಂತಿತು. ಯಾರೂ ಬರಲಿಲ್ಲ. ಸುಟ್ಟ ವಾಸನೆ ಬಂದ ಮೇಲೆ ಬಾಗಿಲು ತಳ್ಳಿದೆ.

ಒಳಗೆ ಯಾರೂ ಇರಲಿಲ್ಲ. ಒಲೆಯ ಮೇಲೆ ಪಾತ್ರೆ ಕೆಂಪಗೆ ಕಾದು ಕರಿಯಾಗಿತ್ತು. ನನ್ನ ಲೋಟದಲ್ಲಿ ಯಾರೋ ಚಹಾಪುಡಿ ಹಾಕಿಟ್ಟಿದ್ದರು.

ಅಡುಗೆಮನೆಯಿಂದ ಹಿಂದಿನ ಕಬ್ಬಿಣದ ಮೆಟ್ಟಿಲಿಗೆ ಒಂದು ಬಾಗಿಲಿದೆ. ವರ್ಷಗಳಿಂದ ಬೀಗ ಹಾಕಿದ್ದು, ಬೀಗ ಹಾಗೇ ಇತ್ತು. ಅದರ ಕೀ ಯಾರ ಹತ್ತಿರ ಇದೆಯೆಂದು ನಾಳೆ ಅತ್ರೀಸ್‌ನನ್ನು ಕೇಳಬೇಕು.